ಉರು ಹೊಡೆದದ್ದು ಎಷ್ಟು ದಿನ?

ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಸಂತೆಯಲ್ಲಿ ತೆಲುಗು, ಮಕ್ಕಳ ಪುಸ್ತಕದಲ್ಲಿ ಇಂಗ್ಲಿಷ್. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದರೂ ಮನೆಮಾತು ಉಳಿಯಿತು. ಪರೀಕ್ಷೆ ಬಂತೆಂದರೆ ಇಲ್ಲಿನ ಮಕ್ಕಳಿಗೂ ಸಿಗುವ ಬುದ್ಧಿಮಾತು ಒಂದೇ: ಇನ್ನೊಂದು ಸಲ ಓದು. ಉತ್ತರ ಮರೆತರೆ ಮಗು ದಡ್ಡ. ಇದು ಅನ್ಯಾಯದ ತೀರ್ಪು.

1972ರಲ್ಲಿ ಅಮೆರಿಕದ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ ಒಂದು ಪ್ರಯೋಗ ಮಾಡಿದರು. ಬಟ್ಟೆ ಒಗೆಯುವ ಕ್ರಮವನ್ನು, ಬಟ್ಟೆಯ ಹೆಸರೆತ್ತದೆ ವಿವರಿಸಿದ ಬರಹವನ್ನು ಜನರಿಗೆ ಓದಿ ಕೇಳಿಸಿದರು. ವಿಷಯ ಮೊದಲೇ ಗೊತ್ತಿದ್ದವರು ಉಳಿದವರಿಗಿಂತ ಸುಮಾರು ಎರಡು ಪಟ್ಟು ನೆನಪಿಟ್ಟುಕೊಂಡರು. ಕೇಳಿ ಮುಗಿದ ಮೇಲೆ ವಿಷಯ ತಿಳಿದವರಿಗೆ ಏನೂ ಉಪಯೋಗವಾಗಲಿಲ್ಲ. ಅರ್ಥ ಮೊದಲು ಬರಬೇಕು, ಆಗಲೇ ನೆನಪು. ಹೊಲದ ಶೇಂಗಾ ಎಲೆ ಬಿಸಿಲಿನಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ ಎಂದು ಕನ್ನಡದಲ್ಲಿ ತಿಳಿದ ಮಗು ಆ ಕ್ರಿಯೆಯ ಇಂಗ್ಲಿಷ್ ಹೆಸರನ್ನು ಆಮೇಲೆ ಕಲಿಯಲಿ.

ಇನ್ನೊಂದು ಸಂಗತಿ ಇನ್ನೂ ಮುಖ್ಯ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಓದಿದರು. ಕೆಲವರು ಓದಿದ್ದನ್ನು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದಾಗ ಲೆಕ್ಕ ತಿರುಗಿತು: ಅವರಿಗೆ ನೆನಪಿದ್ದದ್ದು ಶೇ. 42, ನೆನಪಿನಿಂದ ಬರೆದವರಿಗೆ ಶೇ. 56. ರಾತ್ರಿಯೆಲ್ಲ ಉರು ಹೊಡೆದವರು ಬೆಳಿಗ್ಗೆ ಪಾಸಾಗಿ ಮುಂದಿನ ತರಗತಿಯಲ್ಲಿ ತಡವರಿಸುವುದು ಇದಕ್ಕೇ. ನಿದ್ದೆಗೆಟ್ಟರೆ ನಷ್ಟ ಇನ್ನೂ ಹೆಚ್ಚು. ಕಲಿತದ್ದು ಗಟ್ಟಿಯಾಗಲು ನಿದ್ದೆ ನೆರವಾಗುತ್ತದೆ.

ಇದನ್ನು ನಂಬಲು ಅಮೆರಿಕದವರೆಗೆ ಹೋಗಬೇಕಿಲ್ಲ. ಬಳ್ಳಾರಿ ಸೀಮೆಯ ಬುರ್ರಕಥಾ ಕಲಾವಿದೆ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ. ಕುಮಾರರಾಮನ ಕಥೆ ಸೇರಿ ಹನ್ನೆರಡು ಜನಪದ ಮಹಾಕಾವ್ಯಗಳು, ಸುಮಾರು 2 ಲಕ್ಷ ಪದಗಳು, ಅವರ ಕಂಠದಲ್ಲಿದ್ದವು. 2014ರಲ್ಲಿ ಅವರು ತೀರಿಕೊಂಡರು. ಕಥೆಯ ಕೊಂಡಿ, ತಾಳ, ಎದುರಿಗೆ ಕೂತ ಜನ, ಮತ್ತೆ ಮತ್ತೆ ಹಾಡುವ ಅವಕಾಶ: ಆ ನೆನಪನ್ನು ಹೊತ್ತದ್ದು ಇವು. ಈರಮ್ಮನವರನ್ನು ಅದ್ಭುತ ಎಂದು ಹೊಗಳಿ ಮುಂದೆ ಸಾಗುವುದಕ್ಕಿಂತ ಅವರು ಕಲಿತ ರೀತಿಯನ್ನು ಶಾಲೆಗಳು ಗಮನಿಸಬೇಕು.

ತಂದೆತಾಯಂದಿರಲ್ಲಿ ಒಂದು ವಿನಂತಿ. ರಾತ್ರಿ ಊಟವಾದ ಮೇಲೆ ಪುಸ್ತಕ ಮುಚ್ಚಿಸಿ, ಇವತ್ತಿನ ಪಾಠವನ್ನು ಕನ್ನಡದಲ್ಲಿ ಹೇಳು ಎಂದು ಮಗುವನ್ನು ಕೇಳಿ. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಕೇಳಿ. ಹೊತ್ತಿಗೆ ಸರಿಯಾಗಿ ಮಲಗಲು ಬಿಡಿ.