ಶತ್ರುವಿಗೆ ಪಂಕ್ತಿ, ಆಳಿಗೆ ಕೊಟ್ಟಿಗೆ

ನಮ್ಮ ಸಂಘದ ಕಳೆದ ತಿಂಗಳ ಸಭೆಯಲ್ಲಿ ಹಿರಿಯರೊಬ್ಬರು ಎರಡನೆಯ ಮಹಾಯುದ್ಧದ ಕಾಲದ ಪ್ರಸಂಗವೊಂದನ್ನು ಮನಮುಟ್ಟುವಂತೆ ನಿರೂಪಿಸಿದರು. ಇಂಗ್ಲೆಂಡಿನ ರೈತ ಕುಟುಂಬವೊಂದು ತನ್ನ ಹೊಲದಲ್ಲಿ ದುಡಿಯಲು ಬಂದ ಜರ್ಮನ್ ಯುದ್ಧಕೈದಿಯನ್ನು ಮನೆಮಗನಂತೆ ಕಂಡ ಕಥೆಯದು. ಸಭಿಕರು ಕಣ್ಣೊರೆಸಿಕೊಂಡರು. ಮಾನವೀಯತೆ ಗೆದ್ದಿತೆಂದು ಅಧ್ಯಕ್ಷರು ಸಮಾರೋಪ ಹೇಳಿದರು. ಕಥೆಯ ಬಗ್ಗೆ ನನಗೆ ತಕರಾರಿಲ್ಲ; ತಕರಾರಿರುವುದು ಆ ಕಣ್ಣೀರಿನ ಬಗ್ಗೆ.

ಮಾನವೀಯತೆ ಅಲ್ಲಿ ಅಷ್ಟು ಸುಲಭವಾಗಿ ಗೆಲ್ಲಲಿಲ್ಲ. 1945ರ ಮೇ ತಿಂಗಳಲ್ಲೇ ಯೂರೋಪಿನ ಯುದ್ಧ ಮುಗಿದಿದ್ದರೂ, 1946ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 4 ಲಕ್ಷ ಜರ್ಮನ್ ಕೈದಿಗಳಿದ್ದರು. ಅಮೆರಿಕದಲ್ಲಿ ಹಡಗು ಹತ್ತುವಾಗ ಊರಿಗೆ ಹೊರಟೆವೆಂದು ನಂಬಿದ್ದ ಅನೇಕರು ಇಂಗ್ಲೆಂಡಿನ ಶಿಬಿರಗಳಿಗೆ ಬಂದಿಳಿದಿದ್ದರು. ಹೊಲಗಳಿಗೆ ಆಳುಗಳು ಬೇಕಿದ್ದರು. ರೈತನು ಸರ್ಕಾರಕ್ಕೆ ತೆರುತ್ತಿದ್ದ ಕೂಲಿಯಲ್ಲಿ ಕೈದಿಯ ಕೈಸೇರುತ್ತಿದ್ದುದು ಅಲ್ಪಭಾಗ. ಜನರೊಡನೆ ಬೆರೆಯಕೂಡದೆಂಬ ನಿರ್ಬಂಧ ಸಡಿಲವಾದದ್ದು 1946ರ ಡಿಸೆಂಬರಿನಲ್ಲಿ. ಆಗಲೇ ಕೈದಿಗಳು ಶಿಬಿರದಿಂದ 5 ಮೈಲಿಯೊಳಗೆ ಓಡಾಡುವುದಕ್ಕೂ ಕರೆದವರ ಮನೆಗೆ ಹೋಗುವುದಕ್ಕೂ ಅವಕಾಶವಾಯಿತು. ಮದುವೆಗೆ ಅನುಮತಿ ದೊರೆತದ್ದು 1947ರ ಜುಲೈನಲ್ಲಿ. 1948ರಲ್ಲಿ ಬಿಡುಗಡೆ ಮುಗಿದಾಗ ಸುಮಾರು 24 ಸಾವಿರ ಮಂದಿ ಅಲ್ಲಿಯೇ ನೆಲೆಸಿದರು.

ಮೂರು ದಶಕ ಕೇಂದ್ರ ಸರ್ಕಾರದ ಕಡತಗಳ ನಡುವೆ ಕಳೆದವನು ನಾನು. ಎಷ್ಟೋ ಆದೇಶಗಳು, ಜನರು ಅವನ್ನು ಮುರಿದು ಮುಗಿಸಿದ ಮೇಲೆಯೇ ಸಡಿಲವಾಗುತ್ತವೆ. ಆದೇಶಕ್ಕೆ ಮುನ್ನವೇ ಹೊಲದಂಚಿನಲ್ಲಿ ಕೈದಿಗೆ ಚಹಾ, ರೊಟ್ಟಿ ಕೊಟ್ಟವರಿದ್ದರು. ಜರ್ಮನಿಯಲ್ಲಂತೂ ಈ ತಪ್ಪಿಗೆ ದಂಡ ಇನ್ನೂ ಘೋರ. 1940ರಿಂದ ಪೋಲಿಷ್ ಕೂಲಿಗಳು ಎದೆಯ ಮೇಲೆ 'ಪಿ' ಅಕ್ಷರ ಧರಿಸಬೇಕಿತ್ತು. ಅವರನ್ನು ಮೇಜಿಗೆ ಕೂರಿಸಿಕೊಳ್ಳಬಾರದೆಂದು ನಾಜಿ ಸರ್ಕಾರ ರೈತರಿಗೆ ತಾಕೀತು ಮಾಡಿತ್ತು. ಆದರೂ ಕೂರಿಸಿಕೊಂಡ ರೈತರಿದ್ದರು. ಒಟ್ಟಿಗೆ ಉಣ್ಣುವುದು ಎಂಥ ರಾಜಕೀಯ ಕೃತ್ಯವೆಂಬುದನ್ನು ಆ ಸರ್ಕಾರ ನಮಗಿಂತ ಚೆನ್ನಾಗಿ ಅರಿತಿತ್ತು.

ಇನ್ನು ಅಮೆರಿಕ. ಅಲ್ಲಿ ಜರ್ಮನ್ ಕೈದಿಗಳಿಗೆ ಬಡಿಸಿದ ಹೋಟೆಲುಗಳೇ ಸಮವಸ್ತ್ರ ತೊಟ್ಟ ಕರಿಯ ಅಮೆರಿಕನ್ ಸೈನಿಕರನ್ನು ಹೊರಗಟ್ಟಿದ ಉದಾಹರಣೆಗಳುಂಟು. ಪರದೇಶದ ಶತ್ರುವಿಗೆ ಪಂಕ್ತಿ ದೊರೆಯಿತು. ಸ್ವದೇಶದ ಯೋಧನಿಗೆ ದೊರೆಯಲಿಲ್ಲ. ಹಾಗಾದರೆ ಗೆದ್ದದ್ದು ಮಾನವೀಯತೆಯೋ, ಮೈಬಣ್ಣವೋ?

ಈ ಪ್ರಶ್ನೆಯನ್ನು ಅಮೆರಿಕದಲ್ಲೇ ಬಿಟ್ಟು ನಾವು ಹಾಯಾಗಿ ಮನೆಗೆ ಮರಳುವಂತಿಲ್ಲ. ನನ್ನ ಅಜ್ಜನ ಮನೆಯಲ್ಲಿ ತಲೆಮಾರಿನಿಂದ ದುಡಿದ ಆಳೊಬ್ಬನಿದ್ದ. ಅವನ ತಟ್ಟೆ ಕೊಟ್ಟಿಗೆಯ ಗೋಡೆಯಲ್ಲಿ ಸಿಕ್ಕಿಸಿರುತ್ತಿತ್ತು. ನೀರನ್ನು ಮೇಲಿನಿಂದ ಅವನ ಬೊಗಸೆಗೆ ಹುಯ್ಯುತ್ತಿದ್ದರು. ಅದು 1970ರ ದಶಕದ ಕೊನೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿ ಕಾಲು ಶತಮಾನ ಸಂದಿತ್ತು. ಅವನು ಯಾರ ಮೇಲೂ ಯುದ್ಧ ಹೂಡಿದವನಲ್ಲ. ಅಜ್ಜ ಒಳ್ಳೆಯವರೆಂದೇ ಊರು ನೆನೆಯುತ್ತದೆ, ನಾನೂ ನೆನೆಯುತ್ತೇನೆ. ಹುಯ್ದ ನೀರನ್ನು ಕಂಡೂ ಸುಮ್ಮನಿದ್ದ ಹುಡುಗ ನಾನೇ.

ಊರು ಬಿಟ್ಟು ಬಂದ ನಾವು ಅದನ್ನೂ ಬಿಟ್ಟು ಬಂದೆವೆಂದುಕೊಂಡಿದ್ದೇವೆ. ನಮ್ಮ ಅಡುಗೆಮನೆಯ ಕಿಟಕಿಯ ಮೇಲೆ ಕೆಲಸದಾಕೆಗೆಂದು ಇಟ್ಟ ಪ್ರತ್ಯೇಕ ಲೋಟ ಯಾವ ಊರಿನಿಂದ ಬಂದದ್ದು? 'ಅದು ಜಾತಿಯಲ್ಲ, ಶುಚಿ' ಎನ್ನುವವರಿದ್ದಾರೆ. ನಮ್ಮ ಪಾತ್ರೆಗಳನ್ನೆಲ್ಲ ಶುಚಿ ಮಾಡುವವಳು ಆಕೆಯೇ ಅಲ್ಲವೆ?

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಲಹೆಯಿಡುತ್ತಿದ್ದೇನೆ. ಮುಂದಿನ ರಾಜ್ಯೋತ್ಸವದ ಊಟದಲ್ಲಿ ಸಭಾಂಗಣ ಗುಡಿಸುವವರು, ಪಾತ್ರೆ ತೊಳೆಯುವವರು ಮೊದಲ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕೂರಲಿ. ಬಡಿಸುವ ಸರದಿಯಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ. ಒಪ್ಪದವರು ಕಾರಣವನ್ನು ಇದೇ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಹೆಸರು ಹಾಕಿ ಬರೆಯಲಿ.