ಲಾರಿಗೂ ಒಂದು ವಂಶಾವಳಿ ಬೇಡವೇ?

ಗೌರಿಬಿದನೂರಿನ ರೈಲು ನಿಲ್ದಾಣದಿಂದ ಹಿಂದೂಪುರದ ಕಡೆಗೆ ಸ್ವಲ್ಪ ದೂರ ನಡೆದರೆ, ಎಂದೋ ಮುಚ್ಚಿಹೋದ ಕಡಲೆಕಾಯಿ ಎಣ್ಣೆ ಮಿಲ್ಲೊಂದರ ಹಿತ್ತಲಿನಲ್ಲಿ, ಹೊಂಗೆಮರದ ಕೆಳಗೆ ಒಂದು ಲಾರಿ ನಿಂತಿದೆ. ನಿಂತಿದೆ ಎನ್ನುವುದು ಮರ್ಯಾದೆಯ ಮಾತು. ನಾಲ್ಕು ಗಾಲಿಗಳಲ್ಲಿ ಎರಡು ಇಲ್ಲ. ಆ ಪಕ್ಕ ಕಲ್ಲು ಚಪ್ಪಡಿಗಳ ಮೇಲೆ ಒರಗಿದೆ. ಹಿಂದಿನ ಮರದ ಹಲಗೆಗಳನ್ನು ಗೆದ್ದಲು ತಿಂದಿದೆ. ಆದರೂ ಊರಿನ ಮುದುಕರು ಅದರ ಹೆಸರನ್ನು ಮರೆತಿಲ್ಲ. ಇಂದಿಗೂ ಅದು ಅವರಿಗೆ 'ಮಿಲ್ಟ್ರಿ ಲಾರಿ'.

ಈಗ ಅದಕ್ಕೆ ಇಬ್ಬರು ಗಿರಾಕಿಗಳು ಹುಟ್ಟಿದ್ದಾರೆ. ಒಬ್ಬ ಗುಜರಿಯವನು, ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ. ಇನ್ನೊಬ್ಬರು ಬೆಂಗಳೂರಿನ ಮಹನೀಯರು. ಹಳೆಯ ವಾಹನಗಳ ಶೋಕಿಯವರು. ಅವರು ಗುಜರಿಯವನ ಮೂರರಷ್ಟು ಕೊಡುತ್ತಾರೆ. ಮಿಲ್ಲಿನ ಈಗಿನ ಯಜಮಾನ ನನ್ನ ಬಾಲ್ಯದ ಸಹಪಾಠಿ. ಕಳೆದ ಸಲ ಊರಿಗೆ ಹೋದಾಗ ಕಾಫಿ ಕೊಟ್ಟು ಕೇಳಿದ: "ಬರೆಯೋನು ನೀನು, ನೀನೇ ಹೇಳಪ್ಪ. ಯಾರಿಗೆ ಕೊಡಲಿ?" ಅಂದು ನನಗೆ ಉತ್ತರ ಹೊಳೆಯಲಿಲ್ಲ. ಆ ಉತ್ತರ ಅವನೊಬ್ಬನಿಗೇ ಸಂಬಂಧಿಸಿದ್ದಲ್ಲ ಎಂದು ಆಮೇಲೆ ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲಾರಿಯ ಪರಿಚಯವಾಗಲಿ. ಅದರ ಮುಂಗಾಜು ಎಲ್ಲ ವಾಹನಗಳಂತೆ ಹಿಂದಕ್ಕೆ ಬಾಗಿಲ್ಲ. ಮೇಲಂಚು ಮುಂದಕ್ಕೆ ಚಾಚಿ, ಕೆಳಅಂಚು ಒಳಕ್ಕೆ ಸರಿದು, ಹುಬ್ಬು ಗಂಟಿಕ್ಕಿದ ಮನುಷ್ಯನಂತೆ ಕಾಣುತ್ತದೆ. ಬಿಸಿಲಿನ ಝಳ ಕಣ್ಣಿಗೆ ಹೊಡೆಯದಿರಲಿ, ಗಾಜಿನ ಹೊಳಪು ಆಕಾಶದಲ್ಲಿರುವ ಶತ್ರು ವಿಮಾನಕ್ಕೆ ಕಾಣದಿರಲಿ ಎಂದು ಮಾಡಿದ ಉಪಾಯವದು. ಎರಡನೆಯ ಮಹಾಯುದ್ಧದಲ್ಲಿ ಕೆನಡಾ ದೇಶದ ಫೋರ್ಡ್ ಮತ್ತು ಷೆವರ್ಲೆ ಕಾರ್ಖಾನೆಗಳು ಒಂದೇ ಸೈನಿಕ ನಮೂನೆಯ ಮೇಲೆ ಸುಮಾರು ೪ ಲಕ್ಷ ವಾಹನಗಳನ್ನು ತಯಾರಿಸಿದವು. ಅವುಗಳಲ್ಲಿ ೧೩ನೆಯ ನಂಬರಿನ ಕ್ಯಾಬಿಗೆ ಈ ಗುರುತು. ಕೆನಡಾದವರು ರಸ್ತೆಯ ಬಲಕ್ಕೆ ಓಡಿಸುವ ಜನ. ಅವರ ಮನೆಯ ವಾಹನಕ್ಕೆ ಸ್ಟಿಯರಿಂಗು ಎಡಕ್ಕಿರುತ್ತದೆ. ಈ ಲಾರಿಗಳಿಗೆ ಬಲಕ್ಕಿತ್ತು. ಹುಟ್ಟುವಾಗಲೇ ಅವು ಬ್ರಿಟಿಷ್ ಸಾಮ್ರಾಜ್ಯದ ದಂಡಿಗೆ ಮೀಸಲಾಗಿದ್ದವು. ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಹಡಗೇರಿ ಬಂದ ಎಷ್ಟೋ ಲಾರಿಗಳನ್ನು ನಮ್ಮ ದೇಶದಲ್ಲಿಯೇ ಜೋಡಿಸಿದರು.

ಇಂಥದೊಂದು ಗೌರಿಬಿದನೂರಿಗೆ ಹೇಗೆ ಬಂತು? ಯುದ್ಧಕಾಲದ ಬೆಂಗಳೂರು ದಕ್ಷಿಣ ಭಾರತದ ದೊಡ್ಡ ಸೇನಾ ಠಾಣ್ಯಗಳಲ್ಲಿ ಒಂದು. ಹಿಂದೂಸ್ಥಾನ್ ವಿಮಾನ ಕಾರ್ಖಾನೆ ೧೯೪೦ರಲ್ಲಿ ಹುಟ್ಟಿ, ೧೯೪೩ರಲ್ಲಿ ಅಮೆರಿಕನ್ ವಾಯುದಳದ ಕೈಗೆ ಹೋಯಿತು. ಯುದ್ಧ ಮುಗಿದದ್ದೇ ತಡ, ಬೂಟಿನಿಂದ ಹಿಡಿದು ಲಾರಿಯವರೆಗೆ ಎಲ್ಲವೂ 'ಡಿಸ್ಪೋಜಲ್ ಮಾಲು' ಆಗಿ ಹರಾಜಿಗೆ ಬಂತು. ಹೊಸ ಲಾರಿ ಬೇಕೆಂದರೂ ಸಿಗದ ಕಾಲ ಅದು. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಪಡಿತರ. ಬೆನ್ನಿಗೆ ಇದ್ದಿಲ ಉರುವಲಿನ ಗ್ಯಾಸ್ ಪ್ಲಾಂಟು ಕಟ್ಟಿಕೊಂಡು ಏದುಸಿರು ಬಿಡುತ್ತ ಬಸ್ಸುಗಳು ಓಡಿದ್ದವು. ಇಂಥ ಸಮಯದಲ್ಲಿ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲವಿರುವ ಮೂರು ಟನ್ನಿನ ಗಾಡಿ ಸಿಕ್ಕರೆ ಯಾರು ಬಿಟ್ಟಾರು? ಮರದ ಕಂಟ್ರಾಕ್ಟರು, ಕಲ್ಲು ಕ್ವಾರಿಯವರು, ಬಸ್ಸಿನ ಮಾಲೀಕರು ಎಲ್ಲರೂ ಕೊಂಡರು. ಇಂದಿನ ಲಾರಿಗಳ ಪಕ್ಕದಲ್ಲಿ ಅದು ಆಟಿಕೆಯಂತೆ ಕಾಣಬಹುದು. ಆ ಕಾಲದ ನಮ್ಮ ತಾಲ್ಲೂಕಿಗೆ ಅದೇ ಆನೆ.

ನಾನು ಎರಡು ವರ್ಷ ಈ ಆನೆಯ ಹೆಜ್ಜೆ ಹುಡುಕಿಕೊಂಡು ಅಲೆದೆ. ಕೈಗೆ ಸಿಕ್ಕಿದ್ದು ಅಂಚು ಸುಟ್ಟಂತಾಗಿದ್ದ ಒಂದು ಆರ್.ಸಿ. ಪುಸ್ತಕ, ಮೈಸೂರು ಸಂಸ್ಥಾನದ ಕಾಲದ ಒಂದು ನಂಬರು, ಚಾಸಿಯ ಮೇಲೆ ಅರ್ಧ ಸವೆದ ಅಂಕಿಗಳು. ಕಂಪನಿಯ ತಗಡನ್ನು ಯಾರೋ ಎಂದೋ ಕಿತ್ತಿದ್ದಾರೆ. ಪುಸ್ತಕದಲ್ಲಿ ಐದು ಕೈ ಬದಲಾದ ಗುರುತಿದೆ: ದಂಡಿನ ಹರಾಜಿನಲ್ಲಿ ಕೊಂಡ ಬೆಂಗಳೂರಿನ ವ್ಯಾಪಾರಿ, ಮರದ ಕಂಟ್ರಾಕ್ಟರು, ಕಲ್ಲಿನವರು, ಬೆಲ್ಲದ ಮಂಡಿಯವರು, ಕೊನೆಗೆ ಈ ಮಿಲ್ಲು. ನಡುವೆ ಎರಡು ಹಾಳೆಗಳಿಲ್ಲ. ಅವುಗಳ ನಕಲಿಗಾಗಿ ಒಂದು ಕಚೇರಿಗೆ ಹೋದೆ. ಅಲ್ಲಿಂದ ಇನ್ನೊಂದಕ್ಕೆ ಕಳಿಸಿದರು. ಗೌರಿಬಿದನೂರು ೨೦೦೭ರವರೆಗೆ ಕೋಲಾರ ಜಿಲ್ಲೆಯದು, ಆಮೇಲೆ ಚಿಕ್ಕಬಳ್ಳಾಪುರದ್ದು. ಇಲ್ಲಿ ಕೇಳಿದರೆ ಅಲ್ಲಿ, ಅಲ್ಲಿ ಕೇಳಿದರೆ ಇಲ್ಲಿ. ಕಡೆಗೆ ಒಬ್ಬ ಗುಮಾಸ್ತರು ಕಂಪ್ಯೂಟರಿನತ್ತ ಕೈ ತೋರಿಸಿ, "ಇದರಲ್ಲಿ ಇಲ್ಲ ಅಂದ್ರೆ ಆ ಗಾಡಿಯೇ ಇಲ್ಲ ಸಾರ್" ಎಂದರು. ಹಿತ್ತಲಿನಲ್ಲಿ ಕಣ್ಣಾರೆ ಕಂಡ ಮೂರು ಟನ್ನಿನ ವಸ್ತು ಇಲ್ಲವೆಂಬ ಈ ಮಾಯಾವಾದ ಶಂಕರಾಚಾರ್ಯರಿಗೂ ಹೊಳೆದಿರಲಿಕ್ಕಿಲ್ಲ!

ಕಾಗದ ಕೈಕೊಟ್ಟಲ್ಲಿ ಮನುಷ್ಯರು ಕೈ ಹಿಡಿದರು. ಅದನ್ನು ಓಡಿಸಿದ್ದ ಒಬ್ಬ ಡ್ರೈವರಜ್ಜ ಇನ್ನೂ ಇದ್ದಾರೆ. "ಅಜ್ಜಾ, ಇದು ಯಾವ ಯುದ್ಧದಲ್ಲಿತ್ತು ಗೊತ್ತಾ?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. "ಯುದ್ಧ ಗಿದ್ಧ ನನಗ್ಗೊತ್ತಿಲ್ಲ ಸಾಮಿ. ನಾನು ಹತ್ತೋ ಹೊತ್ತಿಗೆ ಇದು ನೀಲಿ ಬಣ್ಣ. ಪಿನಾಕಿನಿ ಹೊಳೇಲಿ ಮರಳು ತುಂಬಕ್ಕೋದ ಗಾಡಿಗಳು ಹೂತ್ಕಂಡ್ರೆ ಇದರಲ್ಲೇ ಎಳೀತಿದ್ದಿದ್ದು. ಹಿಂದೂಪುರದ ಮಂಡಿಗೆ ಬೆಲ್ಲ, ಬರೋವಾಗ ಹುಣಸೇಹಣ್ಣು. ಒಂದ್ಸಲ ಮದುವೆ ದಿಬ್ಬಣಾನೂ ತಂದಿದ್ದೆ." ಬಾನೆಟ್ಟಿನ ಒಂದು ಮೂಲೆಯಲ್ಲಿ ಬಣ್ಣ ಪದರಪದರವಾಗಿ ಎದ್ದಿದೆ. ಮೇಲೆ ಹಳದಿ, ಅದರಡಿ ಅಜ್ಜನ ನೀಲಿ, ಅದರಡಿ ಕೆಂಪು, ತೀರ ತಳದಲ್ಲಿ ಉಗುರಿನಷ್ಟು ಹಸುರು. ಕಚೇರಿಯಲ್ಲಿ ಕಳೆದ ಹಾಳೆಗಳಿಗೆ ಬದಲಾಗಿ ಇಲ್ಲೊಂದು ದಫ್ತರವೇ ಇದೆ.

ಈ ದಫ್ತರವನ್ನೇ ಬೆಂಗಳೂರಿನ ಮಹನೀಯರು ಕೆರೆದುಹಾಕುವವರಿದ್ದಾರೆ. ಅವರ ಯೋಜನೆಯನ್ನು ಅವರೇ ಉತ್ಸಾಹದಿಂದ ನನಗೆ ವಿವರಿಸಿದರು. ಮರದ ಬಾಡಿ ಕಿತ್ತು ಕಬ್ಬಿಣದ್ದು ಕೂರಿಸುವುದು. ಬಣ್ಣ ಪೂರ್ತಿ ತೆಗೆದು ಸೈನಿಕ ಹಸುರು ಬಳಿಯುವುದು. ಒಂದು ನಂಬರು, ಒಂದು ಪಡೆಯ ಲಾಂಛನ ಬರೆಸುವುದು. ಪಕ್ಕದಲ್ಲಿ 'ಬರ್ಮಾ ರಣರಂಗ, ೧೯೪೪' ಎಂಬ ಫಲಕ. ಇದು ಬರ್ಮಾಕ್ಕೆ ಹೋಗಿತ್ತೆಂಬುದಕ್ಕೆ ಆಧಾರವೇನೆಂದು ಕೇಳಿದೆ. "ಹೋಗಿರಲಿಲ್ಲ ಎನ್ನುವುದಕ್ಕೆ ಆಧಾರವಿದೆಯೇ?" ಎಂದರು. ಹೀಗೆ ನೋಡಿದರೆ ನಮ್ಮ ಅಜ್ಜಿಯೂ ಬರ್ಮಾಕ್ಕೆ ಹೋಗಿರಬಹುದು!

ಮಹನೀಯರ ಮೇಲೆ ನನಗೆ ದ್ವೇಷವಿಲ್ಲ. ಅವರು ದುಡ್ಡು ಖರ್ಚು ಮಾಡುತ್ತಾರೆ, ಮೆಕ್ಯಾನಿಕ್ಕುಗಳಿಗೆ ಅನ್ನ ಸಿಗುತ್ತದೆ, ತುಕ್ಕು ತಿನ್ನುವ ವಸ್ತು ಉಳಿಯುತ್ತದೆ. ಆದರೆ ಅವರು ಉಳಿಸುವುದೇನು? ಸೈನ್ಯದಲ್ಲಿ ಈ ಲಾರಿ ಇದ್ದದ್ದು ಹೆಚ್ಚೆಂದರೆ ನಾಲ್ಕೈದು ವರ್ಷ. ನಮ್ಮಲ್ಲಿ ದುಡಿದದ್ದು ನಾಲ್ಕು ದಶಕ. ಆ ನಾಲ್ಕು ದಶಕಗಳನ್ನು ಕೊಳೆಯೆಂದು ಕೆರೆದು, ಗೊತ್ತಿಲ್ಲದ ನಾಲ್ಕು ವರ್ಷಗಳಿಗೆ ಸುಳ್ಳು ಜಾತಕ ಬರೆಸುವುದಕ್ಕೆ ಜೀರ್ಣೋದ್ಧಾರವೆಂಬ ಹೆಸರು ಸಲ್ಲದು. ದತ್ತು ಮಗುವಿಗೆ ಹೊಸ ಬಟ್ಟೆ ತೊಡಿಸುವುದು ಸರಿ. ಸಾಕಿದವರ ಹೆಸರನ್ನೇ ಅಳಿಸುವುದು ಸರಿಯೇ? ಬರ್ಮಾದಲ್ಲಿ ನಿಜವಾಗಿ ಓಡಿದ ಲಾರಿಗಳಿದ್ದವು, ಅವನ್ನು ಓಡಿಸಿ ಸತ್ತ ಭಾರತೀಯ ಚಾಲಕರಿದ್ದರು. ಸುಳ್ಳು ಫಲಕ ಅವರಿಗೂ ಅವಮಾನ.

ಇನ್ನು ಸರ್ಕಾರದ ಸರದಿ. ಕೇಂದ್ರ ಸರ್ಕಾರ ೨೦೨೧ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಮಾಡಿ, 'ವಿಂಟೇಜ್' ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಶುಲ್ಕ ೨೦,೦೦೦ ರೂಪಾಯಿ, ಅವಧಿ ಹತ್ತು ವರ್ಷ. ಒಳ್ಳೆಯದೇ. ಆದರೆ ಆ ಮಂಟಪಕ್ಕೆ ಮೂರು ಬಾಗಿಲು. ಮೂರೂ ಲಾರಿಯ ಮುಖಕ್ಕೇ ಮುಚ್ಚಿವೆ. ಮೊದಲನೆಯದು ಜಾತಿಯದು: ದ್ವಿಚಕ್ರ ವಾಹನಗಳಿಗೆ ಮತ್ತು ಜನ ಕೂರುವ ಕಾರು ಜೀಪುಗಳಿಗೆ ಮಾತ್ರ ಪ್ರವೇಶ, ಸರಕು ಹೊತ್ತದ್ದು ಹೊರಗೆ. ಎರಡನೆಯದು ವಯಸ್ಸಿನದು: ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿರಬೇಕು. ಸೈನ್ಯದ ವಾಹನಕ್ಕೆ ಸೈನ್ಯವೇ ಬಾಣದ ಗುರುತಿನ ನಂಬರು ಕೊಡುತ್ತದೆ, ಆರ್.ಟಿ.ಓ. ಪುಸ್ತಕಕ್ಕೆ ಅದು ಸೇರುವುದು ಹರಾಜಾದ ಮೇಲೆ. ಜಬಲ್ಪುರದಲ್ಲಿ ೧೯೭೦ರಲ್ಲಿ ಹುಟ್ಟಿದ ಶಕ್ತಿಮಾನ್ ಲಾರಿಯೊಂದು ೧೯೮೫ರಲ್ಲಿ ಹರಾಜಾಯಿತು ಎಂದಿಟ್ಟುಕೊಳ್ಳಿ. ಮಾಲೀಕನ ಕೈಯಲ್ಲಿರುವ ಕಾಗದದ ಪ್ರಕಾರ ಅದು ಹದಿನೈದು ವರ್ಷ ತಡವಾಗಿ ಹುಟ್ಟಿದ ಕೂಸು. ಮೂರನೆಯದು ಮಡಿಯದು: ಚಾಸಿ, ಬಾಡಿ, ಎಂಜಿನ್ನು ಮೂಲರೂಪದಲ್ಲಿರಬೇಕು, ದೊಡ್ಡ ಮಾರ್ಪಾಡು ಆಗಿರಕೂಡದು.

ಈ ಮೂರನೆಯ ಬಾಗಿಲಿನ ಮುಂದೆ ತುಸು ನಿಲ್ಲೋಣ. ನಮ್ಮ ಲಾರಿಯ ಮೂಲ ಎಂಜಿನ್ನು ಪೆಟ್ರೋಲಿನದು. ಅದರ ಹಸಿವಿಗೆ ಬಡಪಾಯಿ ಮಾಲೀಕರ ಜೇಬು ಸಾಲುತ್ತಿರಲಿಲ್ಲ. ಐವತ್ತರ ದಶಕದಲ್ಲಿ ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಪಿ-೬ ಡೀಸೆಲ್ ಎಂಜಿನ್ನು ತಯಾರಿಸತೊಡಗಿದಾಗ, ಪೆಟ್ರೋಲ್ ಲಾರಿಗಳ ಹೊಟ್ಟೆ ಬಗೆದು ಅದನ್ನು ಕೂರಿಸುವುದು ದೇಶದ ತುಂಬ ರೂಢಿಯಾಯಿತು. ನಮ್ಮದರಲ್ಲೂ ಅದೇ ಇದೆ. ಆ ಎಂಜಿನ್ನು ಇರದಿದ್ದರೆ ಈ ಲಾರಿ ಅರವತ್ತು ವರ್ಷದ ಹಿಂದೆಯೇ ಗುಜರಿಗೆ ಹೋಗುತ್ತಿತ್ತು. ಯಾವ ಬದಲಾವಣೆಯಿಂದ ಅದು ಬದುಕಿತೋ ಅದೇ ಬದಲಾವಣೆಯಿಂದಾಗಿ ಅದು ಈಗ ಅಯೋಗ್ಯ! ಅರಮನೆಯ ಷೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರು ಮೂಲರೂಪದಲ್ಲಿ ಉಳಿದೀತು. ಅದಕ್ಕೆ ಕೆಲಸವೇ ಇರಲಿಲ್ಲ. ದುಡಿದ ಮೈ ಹೇಗೆ ಮೂಲರೂಪದಲ್ಲಿ ಇದ್ದೀತು? ಹೀಗೆ ನಿಯಮ ಬರೆದವರು ತಮಗರಿವಿಲ್ಲದೆಯೇ ಒಂದು ಚರಿತ್ರೆಯನ್ನೂ ಬರೆದಿದ್ದಾರೆ: ಕೂತು ಹೋದವರಿಗೆ ಚರಿತ್ರೆಯುಂಟು, ಹೊತ್ತು ಹೋದವರಿಗೆ ಇಲ್ಲ.

ಬೇರೆ ದಾರಿಯೇ ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ಹಳೆಯ ಸೈನಿಕ ವಾಹನಕ್ಕೆ ನೋಂದಣಿ ಬೇಕಾದಾಗ, ಮಾನ್ಯತೆ ಪಡೆದ ಸಂಘವೊಂದು ಪರೀಕ್ಷಿಸಿ ತಯಾರಾದ ವರ್ಷವನ್ನು ದೃಢೀಕರಿಸಿದರೆ ಸರ್ಕಾರ ಅದನ್ನು ಪರಿಗಣಿಸುತ್ತದೆ. ಅಲ್ಲಿ ಲಾರಿಯೂ ಚರಿತ್ರೆಯೇ. ನಾವು ಬ್ರಿಟಿಷರಿಂದ ಲಾರಿ ಕೊಂಡೆವು, ಬುದ್ಧಿಯನ್ನು ಹರಾಜಿನಲ್ಲಿ ಬಿಟ್ಟುಬಂದೆವು.

"ಶಾಲೆಗಳಿಗೆ ಸೂರಿಲ್ಲದ ನಾಡಿನಲ್ಲಿ ಹಳೆ ಕಬ್ಬಿಣದ ಮಾತೇಕೆ?" ಎಂದು ವಾಚಕರಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಸರ್ಕಾರದಿಂದ ಒಂದು ಕಾಸನ್ನೂ ಕೇಳುತ್ತಿಲ್ಲ. ಇರುವುದನ್ನು ಸುಡಬೇಡಿ ಎನ್ನುತ್ತಿದ್ದೇನೆ, ಅಷ್ಟೆ. ದಾಖಲೆಯೆಂದರೇನು ಎಂಬುದನ್ನು ನಮ್ಮ ತಾಲ್ಲೂಕಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು ಗುಂಡಿಗೆ ಬಿದ್ದವರು ಎಷ್ಟು ಮಂದಿ ಎಂಬುದರಲ್ಲಿ ಅಂದಿನ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆ ಬೀಳಲಿಲ್ಲ. ಮನುಷ್ಯರ ಲೆಕ್ಕವೇ ಹೀಗಾಗುವಲ್ಲಿ ಲಾರಿಯದು ಯಾವ ಮೂಲೆ ಎನ್ನಬೇಡಿ. ಸಣ್ಣ ವಿಷಯದಲ್ಲಿ ಸುಳ್ಳು ಫಲಕಕ್ಕೆ ಒಗ್ಗಿಕೊಂಡ ಕಣ್ಣು ದೊಡ್ಡ ವಿಷಯದಲ್ಲೂ ಮೋಸಹೋಗುತ್ತದೆ. ಅಲ್ಲದೆ ಸ್ವಾತಂತ್ರ್ಯದ ಮೊದಲ ಇಪ್ಪತ್ತು ವರ್ಷ ಈ ನಾಡಿನ ಕಲ್ಲು, ಮರ, ಬೆಲ್ಲಗಳನ್ನು ಹೊತ್ತವರು ಯಾರು, ಯಾರ ಸಾಲದಲ್ಲಿ, ಯಾವ ದಾರಿಯಲ್ಲಿ ಎಂಬುದು ಯಾವ ಚರಿತ್ರೆಯ ಪುಸ್ತಕದಲ್ಲಿ ಬರೆದಿದೆ? ಇಂಥ ಆರ್.ಸಿ. ಪುಸ್ತಕಗಳಲ್ಲೇ ಬರೆದಿದೆ.

ಆದ್ದರಿಂದ ನನ್ನ ಬೇಡಿಕೆ ಮೂರು. ಆರ್.ಟಿ.ಓ. ಕಚೇರಿಗಳಲ್ಲಿ ಉಳಿದಿರುವ ಹಳೆಯ ಕೈಬರಹದ ರಿಜಿಸ್ಟರುಗಳು ರದ್ದಿಗೆ ಹೋಗದೆ ರಾಜ್ಯ ಪತ್ರಾಗಾರಕ್ಕೆ ಹೋಗಲಿ. ವಿಂಟೇಜ್ ನಿಯಮ ಲಾರಿಗೂ ತೆರೆಯಲಿ. ತಯಾರಾದ ವರ್ಷವನ್ನು ಒಪ್ಪಲಿ. ದುಡಿಮೆಯ ಕಾಲದ ಮಾರ್ಪಾಡನ್ನು ದೋಷವೆಂದು ಎಣಿಸದಿರಲಿ. ಮತ್ತು ಹಳೆಯ ವಾಹನ ಕೊಳ್ಳುವ ಮಹನೀಯರು ಕೆರೆಯುವ ಮುನ್ನ ಒಂದು ಫೋಟೋ ತೆಗೆಯಲಿ, ಒಬ್ಬ ಡ್ರೈವರಜ್ಜನನ್ನು ಮಾತಾಡಿಸಲಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬರೆಯಲಿ.

ಗೆಳೆಯನಿಗೆ ಉತ್ತರ: ಲಾರಿಯನ್ನು ಬೆಂಗಳೂರಿನವರಿಗೇ ಕೊಡಪ್ಪ. ಗುಜರಿಯವನಿಗಿಂತ ಅವರು ವಾಸಿ. ಆದರೆ ಕ್ರಯಪತ್ರದಲ್ಲಿ ಒಂದು ಸಾಲು ಸೇರಿಸು: ಐದು ಮಾಲೀಕರ ಹೆಸರು ಮತ್ತು ಓಡಿಸಿದ ಅಜ್ಜನ ಹೆಸರು ಫಲಕದಲ್ಲಿರಬೇಕು, ಬಾನೆಟ್ಟಿನ ಆ ಮೂಲೆಯನ್ನು ಮುಟ್ಟಕೂಡದು. ಅದಕ್ಕೊಪ್ಪಿ ಮೂರರ ಬದಲು ಎರಡರಷ್ಟೇ ಕೊಟ್ಟರೂ ಕೊಡು. ಒಪ್ಪದಿದ್ದರೆ, ಹೊಂಗೆಮರದ ನೆರಳು ಇನ್ನೂ ಕೆಲವು ವರ್ಷ ಇರುತ್ತದೆ.