ಜೀನ್ ಓದಿದರೆ ಸಾಲದು

ಜೀನ್ ಅನುಕ್ರಮ ಕೈಯಲ್ಲಿರುವಾಗ ಸಾಕಿದ ಕೋಶಗಳ ಪೊರೆಯಿಂದ ಪ್ರೋಟಿಯೋಗ್ಲೈಕಾನ್ (ಸಕ್ಕರೆಯ ಸರಪಳಿ ಹೊತ್ತ ಪ್ರೋಟೀನ್) ಶುದ್ಧೀಕರಿಸುವುದು ಹಳೆಯ ಕಸುಬು, ಸಮಯದ ಪೋಲು ಎಂಬುದು ಇತ್ತೀಚಿನ ಲೇಖನವೊಂದರ ವಾದ. ತಿರುಳಿನ ಪ್ರೋಟೀನಿನ ಮಟ್ಟಿಗೆ ಅದು ಅರ್ಧ ನಿಜ.

ಉಳಿದರ್ಧದಲ್ಲೇ ಇರುವುದು ಸ್ವಾರಸ್ಯ. ಆ ಪ್ರೋಟೀನಿಗೆ ತೂಗುವ ಹೆಪರಾನ್ ಸಲ್ಫೇಟ್ ಸರಪಳಿಗೆ ಜೀನಿನಲ್ಲಿ ಅಚ್ಚಿಲ್ಲ. ಗಾಲ್ಜಿಯ ಕಿಣ್ವಗಳು ಅದನ್ನು ಹೆಣೆಯುತ್ತವೆ. ಸಲ್ಫೇಟ್ ಎಲ್ಲಿ, ಎಷ್ಟು ಎಂಬುದು ಕೋಶದಿಂದ ಕೋಶಕ್ಕೆ ಬದಲಾಗುತ್ತದೆ. ಎಫ್‌ಜಿಎಫ್-2 ಎಂಬ ಬೆಳವಣಿಗೆಯ ಅಂಶ ಅಂಟಿಕೊಳ್ಳುವುದು ಈ ಸರಪಳಿಗೇ.

ವಿಧಾನ ಒರಟು ಎಂಬ ಆಕ್ಷೇಪವೂ ನಿಲ್ಲದು. 1969ರಲ್ಲಿ ಸಜ್ಡೆರಾ ಮತ್ತು ಹ್ಯಾಸ್ಕಲ್ ಮೃದ್ವಸ್ಥಿಗೆ ಬಳಸಿದ ಗ್ವಾನಿಡೀನ್ ಲವಣದ ಗಾಢ ದ್ರಾವಣಕ್ಕೆ ಡಿಟರ್ಜೆಂಟ್ ಬೆರೆಸಿದರೆ ಪೊರೆಯೂ ಹಿಡಿತ ಬಿಡುತ್ತದೆ. ಆಮೇಲೆ ಯೂರಿಯಾ ದ್ರಾವಣಕ್ಕೆ ಬದಲಿಸಲೇಬೇಕು. ಲವಣ ಉಳಿದರೆ ಋಣಾವೇಶವನ್ನು ಹಿಡಿಯುವ ಡಿಇಎಇ ಸ್ತಂಭ ಕೆಲಸ ಮಾಡದು. (ಇದನ್ನು ಮರೆತವರೇ ವಿಧಾನವನ್ನು ಬೈಯುವುದು ಹೆಚ್ಚು.) ಸಲ್ಫೇಟಿನ ಋಣಾವೇಶದಿಂದ ಪ್ರೋಟಿಯೋಗ್ಲೈಕಾನ್ ಸ್ತಂಭಕ್ಕೆ ಬಿಗಿಯಾಗಿ ಕಚ್ಚಿಕೊಂಡು, ಉಪ್ಪು ಏರಿಸಿದಾಗ ಬಹುತೇಕ ಪ್ರೋಟೀನುಗಳ ನಂತರ ಇಳಿಯುತ್ತದೆ.

ಇನ್ನು ಗುರುತಿಸುವಿಕೆ. ಪೊರೆಯ ಇಂಥ ಎರಡು ಪ್ರೋಟಿಯೋಗ್ಲೈಕಾನ್‌ಗಳಲ್ಲಿ, ಫಾಸ್ಫಾಟಿಡಿಲ್‌ಇನೋಸಿಟಾಲ್‌ಗೆ ಮೀಸಲಾದ ಫಾಸ್ಫೊಲೈಪೇಸ್ ಸಿ ಕಿಣ್ವ ಹಾಕಿದರೆ ಗ್ಲಿಪಿಕನ್ ಪೊರೆಯಿಂದ ಕಳಚುತ್ತದೆ, ಸಿಂಡೆಕನ್ ಕಳಚದು. ಜೆಲ್ ಮೇಲೆ ಎರಡೂ ಮಸುಕು ಹರವು. ಹೆಪರಿಟಿನೇಸ್ ಸರಪಳಿ ಕತ್ತರಿಸಿದ ಮೇಲಷ್ಟೇ ಸ್ಪಷ್ಟ ಗೆರೆ. ಆ ಮಸುಕಿನಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಲೇಖನ ಎತ್ತಿಯೇ ಇಲ್ಲ.